ಪ್ರತಿಕ್ರಿಯೆ: ದೊಡ್ಡ ಮಟ್ಟದಲ್ಲಿ ಆಡದವರು ಕ್ರಿಕೆಟಿಗರ ಜೀವನಚರಿತ್ರೆ ಬರೆಯಬಹುದೇ?

ಕ್ರಿಕೆಟಿಗರ ಜೀವನಚರಿತ್ರೆ ಬರೆಯುವ ಆಸೆ ಇದೆ, ಆದರೆ ದೊಡ್ಡ ಮಟ್ಟದಲ್ಲಿ ಆಡಿಲ್ಲ, ಬರೆಯಬಹುದೇ ಅಂತ ಕೇಳಿದ್ದೀರಿ. ಖಂಡಿತ ಬರೆಯಬಹುದು. ಆಸ್ಟ್ರೇಲಿಯಾದ ಕ್ರಿಕೆಟ್ ಬರಹಗಾರ ಗಿಡಿಯನ್ ಹೇಗ್ ಅವರನ್ನೇ ನೋಡಿ. 1984ರಲ್ಲಿ ಪತ್ರಕರ್ತರಾದವರು, ವರ್ಷಗಟ್ಟಲೆ ಬರೆದದ್ದು ವ್ಯಾಪಾರ, ಕಂಪನಿಗಳ ಬಗ್ಗೆ. ಆಡಿದ್ದು ಬರೀ ಕ್ಲಬ್ ಕ್ರಿಕೆಟ್. ಮಾಧ್ಯಮ ಉದ್ಯಮಿ ಕೆರ್ರಿ ಪ್ಯಾಕರ್ 1970ರ ದಶಕದಲ್ಲಿ ದುಡ್ಡು ಸುರಿದು ನಡೆಸಿದ ಖಾಸಗಿ ಕ್ರಿಕೆಟ್ ಸರಣಿಯ ಬಗ್ಗೆ ಅವರು 1993ರಲ್ಲಿ ತಂದ ಪುಸ್ತಕದಲ್ಲಿ ದುಡ್ಡಿನ ಲೆಕ್ಕ ಅಷ್ಟು ಚೆನ್ನಾಗಿ ಬಂದದ್ದು ಆ ಹಳೆಯ ಕೆಲಸದಿಂದಲೇ ಅಂತ ನನ್ನ ಅನಿಸಿಕೆ.

'ಆಟಗಾರರ ಪರಿಚಯವೇ ಇಲ್ಲ' ಅಂತಲೂ ಹೇಳಿದ್ದೀರಿ. ಹೇಗ್ 1999ರಲ್ಲಿ ಜೀವನಚರಿತ್ರೆ ಬರೆದದ್ದು ಆಸ್ಟ್ರೇಲಿಯಾದ ಜ್ಯಾಕ್ ಐವರ್ಸನ್ ಬಗ್ಗೆ. ಮಧ್ಯದ ಬೆರಳನ್ನು ಮಡಿಸಿ ಚೆಂಡು ಚಿಮ್ಮಿಸುತ್ತಿದ್ದ ಸ್ಪಿನ್ನರ್. ಮೂವತ್ತು ದಾಟಿದ ಮೇಲೆ ಆಟವನ್ನು ಗಂಭೀರವಾಗಿ ಹಿಡಿದು, 1950-51ರಲ್ಲಿ ಇಂಗ್ಲೆಂಡ್ ವಿರುದ್ಧ 5 ಟೆಸ್ಟ್ ಆಡಿ 21 ವಿಕೆಟ್ ಕಿತ್ತು, ಆಮೇಲೆ ಟೆಸ್ಟ್ ಆಡಲೇ ಇಲ್ಲ. 1973ರಲ್ಲೇ ತೀರಿಕೊಂಡರು. ಅಂದರೆ ಬರೆಯುವಾಗ ಕೇಳಲು ಐವರ್ಸನ್ ಅವರೇ ಇರಲಿಲ್ಲ! ಒಂದು ರೀತಿಯಲ್ಲಿ ಅದು ಒಳ್ಳೆಯದೇ. ಬದುಕಿರುವ ಸ್ಟಾರ್ ಜೊತೆ ಕೂತು ಬರೆದರೆ ಅವರ ಮುಲಾಜು ಜಾಸ್ತಿ. ಕಹಿ ವಿಷಯ ಬಂದಾಗ ಪೆನ್ನು ತಡವರಿಸುತ್ತದೆ, ಅಲ್ವಾ?

ಮತ್ತೆ, ಯಾರ ನೆನಪನ್ನೂ ಸುಮ್ನೆ ನಂಬಬೇಡಿ. ಹೇಳಿದ ಪ್ರತಿ ಇನಿಂಗ್ಸನ್ನೂ ಸ್ಕೋರ್‌ಕಾರ್ಡ್, ಆ ದಿನದ ಪತ್ರಿಕೆ ಎರಡರಲ್ಲೂ ತಾಳೆ ನೋಡಿ. ಆಟಗಾರರು ಸುಳ್ಳು ಹೇಳುತ್ತಾರೆ ಅಂತಲ್ಲ, ಎಷ್ಟೋ ಸಲ ಹೇಳಿದ ಕಥೆ ತಾನಾಗಿಯೇ ಬೆಳೆದಿರುತ್ತದೆ.

ಇನ್ನು ದುಡ್ಡಿನ ಸಂಪಾದನೆ? ಈ ಬರವಣಿಗೆಯೊಂದನ್ನೇ ನೆಚ್ಚಿಕೊಳ್ಳಬೇಡಿ, ಈಗಿನ ಕೆಲಸ ಇರಲಿ. ಮೊದಲು ಮರೆತುಹೋದ ಒಬ್ಬ ಆಟಗಾರರ ಬಗ್ಗೆ ಉದ್ದನೆಯ ಲೇಖನ ಬರೆದು ನೋಡಿ. ಅವರ ಮನೆಯವರು ಮಾತಾಡಲು ಒಪ್ಪಿದರೆ ಪುಸ್ತಕದ ಯೋಚನೆ ಮಾಡಬಹುದು.