ಆಫೀಸ್ ಲ್ಯಾಪ್‌ಟಾಪ್ ಇರುವಾಗ ಸ್ವಂತಕ್ಕೆ ಇನ್ನೊಂದು ಬೇಕಾ?

ಫೋನ್ ತುಂಬಿದೆ, ಫೋಟೋಗಳನ್ನೆಲ್ಲ ಆಫೀಸ್ ಲ್ಯಾಪ್‌ಟಾಪ್‌ಗೆ ಹಾಕುತ್ತಿದ್ದೇನೆ, ಸುಮ್ನೆ ಇನ್ನೊಂದು ಲ್ಯಾಪ್‌ಟಾಪ್‌ಗೆ ಯಾಕೆ ದುಡ್ಡು ಹಾಕಬೇಕು ಅಂತ ಕೇಳಿದ್ದೀರಿ. ನಾನೂ ಇದನ್ನೇ ಯೋಚಿಸಿ, ಬೇಡ ಅಂತ ತೀರ್ಮಾನ ಮಾಡಿದ್ದೆ.

2021ರ ಜೂನ್ 1ಕ್ಕೆ ಗೂಗಲ್ ಫೋಟೋಸ್‌ನಲ್ಲಿ ಎಷ್ಟು ಬೇಕಾದರೂ ಉಚಿತವಾಗಿ ಇಡುವ ಸೌಲಭ್ಯ ನಿಂತಿತು. ಅಲ್ಲಿಂದ ಮುಂದೆ ಹಾಕಿದ್ದೆಲ್ಲ ಖಾತೆಯ 15 ಜಿಬಿ ಲೆಕ್ಕಕ್ಕೆ ಸೇರತೊಡಗಿತು. ನನ್ನ ಮಗಳು ಹುಟ್ಟಿದ್ದು ಅದೇ ಸೆಪ್ಟೆಂಬರ್‌ನಲ್ಲಿ. ದಿನಕ್ಕೆ ಹತ್ತಾರು ಫೋಟೋ, ವಿಡಿಯೋ. ಕೆಲವೇ ತಿಂಗಳಲ್ಲಿ ಆ 15 ಜಿಬಿಯೂ ತುಂಬಿತು, ಫೋನೂ ತುಂಬಿತು. ಆಫೀಸ್ ಖಾತೆಯ ಒನ್‌ಡ್ರೈವ್‌ನಲ್ಲಿ, ಅಂದರೆ ಮೈಕ್ರೋಸಾಫ್ಟ್‌ನ ಕ್ಲೌಡ್‌ನಲ್ಲಿ, ಮಾತ್ರ 1 ಟಿಬಿ ಖಾಲಿ ಬಿದ್ದಿತ್ತು. ಡೆಸ್ಕ್‌ಟಾಪ್ ಮೇಲೆ ಮಗಳ ಹೆಸರಿನ ಫೋಲ್ಡರ್ ಮಾಡಿದೆ. ಅಲ್ಲಿ ಹಾಕಿದ್ದು ತಾನಾಗಿ ಒನ್‌ಡ್ರೈವ್‌ಗೂ ಹೋಗುತ್ತಿತ್ತು, ಹೋದ ಮೇಲೆ ಫೈಲ್ ಪಕ್ಕ ಹಸಿರು ಟಿಕ್ ಬರುತ್ತಿತ್ತು. ತಿಂಗಳಿಗೊಮ್ಮೆ ಫೋನ್‌ನಿಂದ ಅಲ್ಲಿಗೆ ಕಾಪಿ ಮಾಡುತ್ತಿದ್ದೆ. ಹಸಿರು ಟಿಕ್ ಬಂತಾ ಅಂತ ನೋಡಿ, ಫೋನ್‌ನಿಂದ ಅಳಿಸುತ್ತಿದ್ದೆ. ಎರಡು ವರ್ಷ ಹೀಗೇ ನಡೆಯಿತು.

ಹಾಗೆ ಅಳಿಸಿದ್ದೇ ತಪ್ಪು. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಇದನ್ನೇ ಮಾಡುತ್ತಿದ್ದೀರಿ ಅಂತ ನನಗೆ ಅನಿಸುತ್ತಿದೆ. ನನ್ನ ಲೆಕ್ಕದಲ್ಲಿ ಎರಡು ಪ್ರತಿ ಇದ್ದವು. ಒಂದು ಲ್ಯಾಪ್‌ಟಾಪ್ ಡಿಸ್ಕಿನಲ್ಲಿ, ಇನ್ನೊಂದು ಕ್ಲೌಡ್‌ನಲ್ಲಿ. ಲ್ಯಾಪ್‌ಟಾಪ್ ಕೆಟ್ಟರೆ ಕ್ಲೌಡ್ ಇದೆಯಲ್ಲ ಅನ್ನುವ ಧೈರ್ಯ. ಆದರೆ ಎರಡೂ ಕೋಣೆಗೆ ಬೀಗದ ಕೈ ಒಂದೇ, ಅದು ಆಫೀಸ್ ಖಾತೆ. ಖಾತೆ ಮುಚ್ಚಿದರೆ ಎರಡೂ ಮುಚ್ಚುತ್ತವೆ. ಆ ಹಸಿರು ಟಿಕ್ ಹೇಳುವುದು ಇಲ್ಲಿರುವುದೇ ಅಲ್ಲೂ ಇದೆ ಅಂತ ಅಷ್ಟೇ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಅದನ್ನು ನಾನು ಬ್ಯಾಕಪ್ ಅಂತ ನಂಬಿದ್ದೆ. ನಿಜವಾಗಿ ಬೇರೆ ಜಾಗದಲ್ಲಿ, ನನ್ನ ಕೈಯಲ್ಲಿ ಇದ್ದ ಪ್ರತಿ ಒಂದೇ ಒಂದು, ಫೋನ್‌ನಲ್ಲಿದ್ದದ್ದು. ಅದನ್ನೇ ತಿಂಗಳು ತಿಂಗಳು ಕೈಯಾರೆ ಅಳಿಸುತ್ತಾ ಬಂದೆ.

2023ರ ಕೊನೆಯಲ್ಲಿ ಒಂದು ಬೆಳಗ್ಗೆ ಲಾಗಿನ್ ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಎಚ್‌ಆರ್‌ನಿಂದ ಫೋನ್ ಬಂತು. ನಮ್ಮ ಇಡೀ ತಂಡವನ್ನೇ ತೆಗೆದಿದ್ದರು. ಲ್ಯಾಪ್‌ಟಾಪ್ ಇನ್ನೂ ನನ್ನ ಮಡಿಲಲ್ಲೇ ಇತ್ತು, ಫೋಟೋಗಳು ಅದರೊಳಗೇ ಇದ್ದವು, ಆದರೆ ತೆರೆಯುವ ದಾರಿ ಇರಲಿಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಹಾಕಿದ್ದರು, ಅಂದರೆ ಕೀ ಇಲ್ಲದೆ ಡಿಸ್ಕಿನಲ್ಲಿರುವುದನ್ನು ಓದಲಾಗದಂತೆ ಮಾಡುವ ವಿಂಡೋಸ್‌ನ ಬೀಗ. 48 ಅಂಕಿಯ ರಿಕವರಿ ಕೀ ಕಂಪನಿ ಹತ್ತಿರ. ಆ ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಏನೂ ಓದಲು ಆಗಲ್ಲ. ಮೂರನೇ ದಿನ ಕೊರಿಯರ್‌ನವರು ಬಂದು ತೆಗೆದುಕೊಂಡು ಹೋದರು.

ಎಲ್ಲ ಹೋಯಿತು ಅಂದುಕೊಂಡು ಯಾರನ್ನೂ ಕೇಳಲೇ ಇಲ್ಲ. ಕೆಲಸ ಹುಡುಕುವುದೇ ಆಗಿತ್ತು. ಆರನೇ ತಿಂಗಳಲ್ಲಿ ಹಳೆಯ ಸಹೋದ್ಯೋಗಿ ಒಬ್ಬರು ಸಿಕ್ಕರು. ಕೆಲಸ ಹೋದ ವಾರವೇ ಐಟಿಯವರಿಗೆ ಮೇಲ್ ಬರೆದು ತಮ್ಮ ಫೋಲ್ಡರ್ ತರಿಸಿಕೊಂಡೆ ಅಂದರು. ಅವತ್ತೇ ನಾನೂ ಬರೆದೆ. ತಡವಾಗಿತ್ತು. ಕೆಲಸ ಬಿಟ್ಟವರ ಖಾತೆ ಅಳಿಸಿದ ಮೇಲೆ ಅವರ ಒನ್‌ಡ್ರೈವ್ ಸಾಮಾನ್ಯವಾಗಿ 30 ದಿನ ಉಳಿದಿರುತ್ತದೆ. ಕಂಪನಿ ಬೇಕಾದರೆ ಈ ಅವಧಿ ಬದಲಾಯಿಸಬಹುದು. ಅದಾದ ಮೇಲೂ 93 ದಿನ ಅಡ್ಮಿನ್, ಅಂದರೆ ಖಾತೆಗಳನ್ನು ನೋಡಿಕೊಳ್ಳುವ ಐಟಿಯವರು, ಅದನ್ನು ವಾಪಸ್ ತರಬಹುದು. ಅಂದರೆ ನನಗೆ ಹೆಚ್ಚುಕಡಿಮೆ ನಾಲ್ಕು ತಿಂಗಳ ಸಮಯ ಇತ್ತು.

ಈಗ ಉಳಿದಿರುವುದು ವಾಟ್ಸಾಪ್‌ನಲ್ಲಿ ಅಮ್ಮನಿಗೆ ಕಳಿಸಿದ್ದ ಫೋಟೋಗಳು ಮಾತ್ರ. ಚಿಕ್ಕವು, ದೊಡ್ಡದು ಮಾಡಿದರೆ ಮಸುಕು. ಮಗಳು ಮೊದಲ ಸಲ ನಡೆದ ವಿಡಿಯೋ ಫೈಲ್ ದೊಡ್ಡದು ಅಂತ ಯಾರಿಗೂ ಕಳಿಸಿರಲಿಲ್ಲ.

ಆದ್ದರಿಂದ ಆಫೀಸ್ ಲ್ಯಾಪ್‌ಟಾಪ್ "ನನ್ನ ಹತ್ತಿರ ಇದೆಯಲ್ಲ" ಅನ್ನುವ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಹತ್ತಿರ ಇದೆ ನಿಜ, ನಿಮ್ಮದಲ್ಲ. ಅದನ್ನು ಲೆಕ್ಕದಿಂದ ತೆಗೆದು ಯೋಚಿಸಿ. ಸ್ವಂತದ್ದು ಕೊಳ್ಳಿ, ಆದರೆ ಹೊಸದೇ ಬೇಕು ಅಂತಿಲ್ಲ. ಮನೆ ಕೆಲಸಕ್ಕೆ 8 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಸಾಕು. ಸೆಕೆಂಡ್ ಹ್ಯಾಂಡ್ ಆದರೆ ಒಂದು ನೋಡಿಕೊಳ್ಳಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್ ಪ್ರೊಸೆಸರ್‌ನಲ್ಲಿ ಸಾಮಾನ್ಯವಾಗಿ 8ನೇ ಜನರೇಶನ್ ಅಥವಾ ಅದಕ್ಕಿಂತ ಹೊಸದು ಬೇಕು. ಯಾವ ಬ್ರ್ಯಾಂಡ್ ಅಂತ ತಲೆ ಕೆಡಿಸಿಕೊಳ್ಳಬೇಡಿ. ದುಡ್ಡು ಒಂದಕ್ಕೇ ಸಾಲುತ್ತದೆ ಅಂದರೆ ಲ್ಯಾಪ್‌ಟಾಪ್ ಬಿಡಿ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ.

ಇನ್ನೊಂದು. ನಿಮ್ಮ ಸ್ವಂತ ಜಿಮೇಲ್‌ನ ರಿಕವರಿ ವಿಳಾಸ ಯಾವುದಿದೆ ಅಂತ ಈಗಲೇ ತೆರೆದು ನೋಡಿ. ಪಾಸ್‌ವರ್ಡ್ ಮರೆತಾಗ ಖಾತೆ ವಾಪಸ್ ಪಡೆಯಲು ಬೇಕಾಗುವ ವಿಳಾಸ ಅದು. ಆಫೀಸ್ ವಿಳಾಸ ಇದ್ದರೆ ಬದಲಾಯಿಸಿ, ಕೆಲಸ ಹೋದರೆ ಅದೂ ಹೋಗುತ್ತದೆ.

ಈಗಾಗಲೇ ಆಫೀಸ್ ಲ್ಯಾಪ್‌ಟಾಪ್‌ಗೆ ಹಾಕಿರುವ ಫೋಟೋಗಳನ್ನು ಈ ವಾರವೇ ಹೊರಗೆ ತನ್ನಿ. ಯುಎಸ್‌ಬಿ ಬಂದ್ ಮಾಡಿದ್ದರೆ ಐಟಿಯವರನ್ನು ನೇರವಾಗಿ ಕೇಳಿ. ಮನೆಯ ಫೋಟೋ ಅಂದರೆ ಅವರಲ್ಲಿ ಹೆಚ್ಚಿನವರು ಸಹಾಯ ಮಾಡುತ್ತಾರೆ. ಅಲ್ಲಿಯವರೆಗೆ, ಫೋನ್ ಎಷ್ಟೇ ತುಂಬಿದ್ದರೂ, ಅದರಿಂದ ಒಂದು ಫೋಟೋವನ್ನೂ ಅಳಿಸಬೇಡಿ.