ಓಲೆ ಸಿಕ್ಕ ಮೇಲಿನ ಕೆಲಸ

ತಾಳೆಯೋಲೆಗಳಲ್ಲಿ ಉಳಿದಿದ್ದ ಹಳೆಯ ತಮಿಳು ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಿಸಿದ ವಿದ್ವಾಂಸ ಉ.ವೇ. ಸ್ವಾಮಿನಾಥ ಅಯ್ಯರ್ ಅವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನ ಓದಿ ಧಾರವಾಡದ ಓದುಗರೊಬ್ಬರು ಖಾರವಾಗಿಯೇ ಬರೆದಿದ್ದಾರೆ: ‘ಅಟ್ಟದ ಮೇಲಿನ ಓಲೆಕಟ್ಟು ಇಳಿಸಿ ಅಚ್ಚು ಹಾಕಿಸುವುದು ಗುಮಾಸ್ತನ ಕೆಲಸ. ಇಂದಾದರೆ ಸ್ಕ್ಯಾನರ್ ಒಂದೇ ವಾರದಲ್ಲಿ ಮುಗಿಸುತ್ತದೆ. ಒಬ್ಬ ತಮಿಳು ಪಂಡಿತರಿಗೆ ಕನ್ನಡ ಪತ್ರಿಕೆ ಇಷ್ಟು ಪುಟ ಕೊಡಬೇಕಿತ್ತೆ? ನಮ್ಮಲ್ಲಿ ಹಳಕಟ್ಟಿಯವರಿಲ್ಲವೆ?’

ಸ್ಕ್ಯಾನರ್ ಓಲೆಯ ಚಿತ್ರ ತೆಗೆಯುತ್ತದೆ ಸ್ವಾಮಿ, ಓದುವುದಿಲ್ಲ. ಅಯ್ಯರ್ ಅವರ ನಿಜವಾದ ಪಾಡು ಶುರುವಾದದ್ದು ಓಲೆ ಕೈಗೆ ಬಂದ ಮೇಲೆಯೇ.

1880ರಲ್ಲಿ ಅವರಿಗೆ ಇಪ್ಪತ್ತೈದು ವರ್ಷ. ಮಹಾವಿದ್ವಾನ್ ಮೀನಾಕ್ಷಿಸುಂದರಂ ಪಿಳ್ಳೈ ಅವರ ಶಿಷ್ಯ, ಕುಂಭಕೋಣದ ಕಾಲೇಜಿನಲ್ಲಿ ಹೊಸ ತಮಿಳು ಅಧ್ಯಾಪಕ. ಊರಿನ ಮುನ್ಸೀಫರಾಗಿದ್ದ ಸೇಲಂ ರಾಮಸ್ವಾಮಿ ಮುದಲಿಯಾರರನ್ನು ಕಾಣಲು ಹೋದಾಗ ತಾವು ಓದಿದ್ದ ಅಂದಾದಿ, ಕಲಂಬಕ, ಪಿಳ್ಳೈತ್ತಮಿಳು ಎಂಬ ಬಗೆಯ ಪದ್ಯಕೃತಿಗಳ ಪಟ್ಟಿಯನ್ನು ಒಪ್ಪಿಸಿದರು. ಮುದಲಿಯಾರರು ಜಗ್ಗಲಿಲ್ಲ. ‘ಜೀವಕ ಚಿಂತಾಮಣಿ’ ಓದಿದ್ದೀರಾ ಎಂದರು. ಓದಿರಲಿಲ್ಲ. ಅವರೇ ಅದರ ಕೈಬರಹದ ಪ್ರತಿಯೊಂದನ್ನು ಕೊಟ್ಟು ಕಳುಹಿಸಿದರು.

ಪ್ರತಿ ಸಿಕ್ಕಿತು, ಅರ್ಥ ಸಿಗಲಿಲ್ಲ. ಕಾವ್ಯ ಜೈನರದು, ಅಯ್ಯರ್ ಕಲಿತದ್ದು ಶೈವ ಮಠದ ನೆರಳಿನಲ್ಲಿ. ಶೈವ ಪುರಾಣಗಳೆಲ್ಲ ನಾಲಿಗೆಯ ಮೇಲಿದ್ದವರಿಗೆ ಜೈನ ತತ್ತ್ವದ ಒಂದೊಂದು ಪದವೂ ತೊಡಕಾಯಿತು. ಕುಂಭಕೋಣದ ಜೈನ ಮನೆಗಳಿಗೆ ಹೋಗಿ ಕೇಳಿದರು. ಹಾಗೆ ಹೋದ ಮನೆಯೊಂದರಲ್ಲಿ ತೋರಣ ಕಟ್ಟಿತ್ತು. ಏನು ವಿಶೇಷವೆಂದರೆ, ಚಿಂತಾಮಣಿಯ ಪಠಣ ಅಂದು ಮಂಗಳವಾಯಿತು ಎಂಬ ಉತ್ತರ ಬಂತು. ಕಾಲೇಜಿನ ತಮಿಳು ಪಂಡಿತ ಕಂಡೇ ಇರದ ಕಾವ್ಯ ಆ ಮನೆಯಲ್ಲಿ ಹಬ್ಬವಾಗಿತ್ತು. (ಚಿಂತಾಮಣಿಯ ನಾಯಕ ಜೀವಕನೇ ಜೀವಂಧರ. ಅವನ ಕಥೆಯನ್ನು ನಮ್ಮ ಭಾಸ್ಕರ ಕವಿ 1424ರಲ್ಲಿ ಷಟ್ಪದಿಗೆ ತಂದಿದ್ದಾನೆ. ಆದ್ದರಿಂದ ಇದು ನಮಗೆ ತೀರಾ ಹೊರಗಿನ ಸಂಗತಿಯೂ ಅಲ್ಲ.)

ಇನ್ನು ಲಿಪಿ. ಆ ಓಲೆಗಳಲ್ಲಿ ವ್ಯಂಜನಕ್ಕೆ ಸ್ವರ ಸೇರಿಲ್ಲವೆಂದು ತೋರಿಸುವ ಚುಕ್ಕೆಯಿಲ್ಲ, ಎ–ಏ, ಒ–ಓ ಭೇದವಿಲ್ಲ, ದೀರ್ಘದ ಗುರುತೋ ‘ರ’ಕಾರವೋ ತಿಳಿಯುವುದಿಲ್ಲ. ಮೂಲ ಪದ್ಯ ಮುಗಿದು ವ್ಯಾಖ್ಯಾನ ಶುರುವಾಗುವುದು ಎಲ್ಲಿಂದ ಎಂದು ಓದುವವನೇ ಊಹಿಸಿಕೊಳ್ಳಬೇಕು. ಸಾಲದೆಂಬಂತೆ ವ್ಯಾಖ್ಯಾನಕಾರ ನಚ್ಚಿನಾರ್ಕಿನಿಯರ್ ಎಲ್ಲೆಲ್ಲಿಂದಲೋ ಸಾಲುಗಳನ್ನು ಎತ್ತಿಕೊಡುತ್ತಾನೆ, ಗ್ರಂಥದ ಹೆಸರು ಹೇಳುವುದಿಲ್ಲ. ಆ ಸಾಲುಗಳ ಮೂಲ ಹುಡುಕುತ್ತಾ ಹೋದಂತೆ ತಮಿಳಿನ ಅತಿ ಹಳೆಯ ಕಾವ್ಯರಾಶಿಯಾದ ಸಂಗಂ ಸಾಹಿತ್ಯ ಒಂದೊಂದಾಗಿ ಎದುರಾಯಿತು. ‘ಚಿಂತಾಮಣಿ’ 1887ರಲ್ಲಿ ಅಚ್ಚಾಯಿತು. ‘ಪತ್ತುಪ್ಪಾಟ್ಟು’ 1889ರಲ್ಲಿ, ‘ಶಿಲಪ್ಪದಿಕಾರಂ’ 1892ರಲ್ಲಿ, ‘ಪುರನಾನೂರು’ 1894ರಲ್ಲಿ, ‘ಮಣಿಮೇಗಲೈ’ 1898ರಲ್ಲಿ ಬಂದವು. ‘ಕುರುಂದೊಗೈ’ ಹೊರಬರುವ ಹೊತ್ತಿಗೆ, 1937ರಲ್ಲಿ, ಅವರಿಗೆ ಎಂಬತ್ತು ದಾಟಿತ್ತು.

‘ಪತ್ತುಪ್ಪಾಟ್ಟು’ವಿನ ಹಾಡುಗಳಲ್ಲೊಂದಾದ ‘ಕುರಿಂಜಿಪ್ಪಾಟ್ಟಿ’ನಲ್ಲಿ ಹೂಗಳ ಉದ್ದನೆಯ ಪಟ್ಟಿಯೊಂದಿದೆ. ಸಿಕ್ಕ ಪ್ರತಿಗಳಲ್ಲಿ ಕೆಲವು ಹೂಗಳ ಹೆಸರೇ ಲೋಪವಾಗಿತ್ತು. ಇದ್ದಷ್ಟನ್ನೇ ಅಚ್ಚಿಗೆ ಕೊಟ್ಟಿದ್ದರೆ ಕೇಳುವವರಾರು? ಅಯ್ಯರ್ ಹುಡುಕಾಟ ಬಿಡಲಿಲ್ಲ. ಧರ್ಮಪುರಂ ಮಠದ ಓಲೆಯಲ್ಲಿ ಆ ಹೆಸರುಗಳು ಸಿಕ್ಕವು. ಗುಮಾಸ್ತರು ಇಷ್ಟು ಹಟ ಹಿಡಿಯುತ್ತಾರೆಯೆ? ಎಲ್ಲ ಕಡೆಯೂ ಹೀಗೆ ಕೈಗೂಡಲಿಲ್ಲ. ಕರಿವಲಂವಂದನಲ್ಲೂರಿನ ದೇವಸ್ಥಾನಕ್ಕೆ ಹೋದಾಗ, ಹಳೆಯ ಓಲೆಗಳನ್ನು ಶಾಸ್ತ್ರೋಕ್ತವಾಗಿ ಅಗ್ನಿಗೆ ಅರ್ಪಿಸಿಯಾಗಿದೆ ಎಂಬ ಉತ್ತರ ಕೇಳಿ ಬರಿಗೈಯಲ್ಲಿ ಮರಳಬೇಕಾಯಿತು.

ಹಳಕಟ್ಟಿಯವರ ಮಾತಿಗೆ ಬಂದರೆ, ನೀವು ನಿಮ್ಮ ವಾದಕ್ಕೇ ಕೊಡಲಿ ಹಾಕಿಕೊಂಡಿದ್ದೀರಿ. ನಿಮ್ಮ ಧಾರವಾಡದಲ್ಲೇ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಅವರು ಮನೆ ಮಾರಿ ಮುದ್ರಣಾಲಯ ಹಾಕಿ ವಚನಗಳನ್ನು ಬೆಳಕಿಗೆ ತಂದದ್ದು ಇದೇ ಜಾತಿಯ ಕೆಲಸ. ಒಂದನ್ನು ಗುಮಾಸ್ತಗಿರಿ ಎಂದರೆ ಇನ್ನೊಂದನ್ನೂ ಹಾಗೆಯೇ ಎನ್ನಬೇಕಾಗುತ್ತದೆ. ನಿಮಗದು ಒಪ್ಪಿಗೆಯಾಗಲಾರದು.

ಜಗಳಕ್ಕೆ ಬೇರೊಂದು ವಿಷಯ ಇದೆ. ಅಯ್ಯರ್ ಅವರನ್ನು ‘ತಮಿಳು ತಾತ’ ಎಂದು ಹೊಗಳುವ ಭರದಲ್ಲಿ ಜಾಫ್ನಾದ ಸಿ.ವೈ. ದಾಮೋದರಂ ಪಿಳ್ಳೈ ಹಿಂದೆ ಸರಿದುಬಿಡುತ್ತಾರೆ. ‘ಚಿಂತಾಮಣಿ’ ಬಂದ ವರ್ಷವೇ ಸಂಗಂ ಸಂಕಲನ ‘ಕಲಿತ್ತೊಗೈ’ಯನ್ನು ಅಚ್ಚು ಹಾಕಿಸಿದ್ದವರು ಅವರು. ಆ ಹಿರಿಯರ ಬಗ್ಗೆ ಮುಂದಿನ ಸಂಚಿಕೆಯಲ್ಲಿ ಬರೆಯಲಿದ್ದೇವೆ. ಅವರೂ ತಮಿಳರೇ, ಆಗಲೂ ಒಂದು ಕಾಗದ ಹಾಕಿ.

– ಸಂಪಾದಕ