ಮುತ್ಯಾನ ಪೂಜೆಯ ಕೊನೆಯಲ್ಲಿ ಬರುತ್ತಿದ್ದ ಹೆಸರುಗಳು

ತೊಂಬತ್ತು ದಾಟಿ ತೀರಿಕೊಂಡ ನಿಮ್ಮ ಅಜ್ಜನವರ ಶಿವಗಣಾರಾಧನೆಯಲ್ಲಿ ಎರಡು ಮಾತು ಆಡಬೇಕಾಗಿದೆ, ‘ದೈವಭಕ್ತರಾಗಿದ್ದರು, ಸಂಸಾರವನ್ನು ಚೆನ್ನಾಗಿ ನಡೆಸಿದರು’ ಎನ್ನುವುದರಾಚೆಗೆ ಏನು ಹೇಳಬೇಕೆಂದು ತೋಚುತ್ತಿಲ್ಲ ಎಂದು ಕೇಳಿದ್ದೀರಿ. ನಾನೂ ಅದೇ ಇಕ್ಕಟ್ಟಿನಲ್ಲಿ ಸಿಲುಕಿದ್ದೆ. ಕಣ್ಣಾರೆ ಕಂಡ ಒಂದೆರಡು ಸಂಗತಿಗಳನ್ನು, ಅವರು ತಪ್ಪಿದ್ದನ್ನೂ ಸೇರಿಸಿ, ಕಂಡ ಹಾಗೆಯೇ ಹೇಳಿಬಿಡಿ ಎಂಬುದು ನನ್ನ ಉತ್ತರ. ನಮ್ಮ ಮುತ್ಯಾನ, ಅಂದರೆ ಅಜ್ಜನ, ಬಗ್ಗೆ ನಾನು ಹೇಳಿದ್ದು ಇಷ್ಟು.

ಮುತ್ಯಾ ಹುಟ್ಟಿದ್ದು 1926ರಲ್ಲಿ, ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಒಂದು ಸಣ್ಣ ಊರಲ್ಲಿ; ಲಿಂಗೈಕ್ಯರಾದದ್ದು 2019ರಲ್ಲಿ. ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಕಲಿತು, ಕನ್ನಡದ ಅಕ್ಷರವನ್ನು ಊರ ಮಠದಲ್ಲಿ ತಿದ್ದಿದವರು. ಹೊಲದ ಹಳೆಯ ಉರ್ದು ಕಾಗದಗಳನ್ನು ಓದಿಸಿಕೊಳ್ಳಲು ಸುತ್ತಲಿನ ಊರುಗಳವರು ಕಡೆಯವರೆಗೂ ಅವರ ಬಳಿಗೆ ಬರುತ್ತಿದ್ದರು. ನಿಜಾಮನ ಪರ ನಿಂತ ಸಶಸ್ತ್ರ ಗುಂಪಾದ ರಜಾಕಾರರ ಹಾವಳಿ ಹೆಚ್ಚಿದಾಗ ಮನೆಮಂದಿಯನ್ನು ಗಡಿ ದಾಟಿಸಿ ಸೊಲ್ಲಾಪುರ ಸೀಮೆಯ ಬೀಗರ ಮನೆಯಲ್ಲಿ ಇರಿಸಿದ್ದರಂತೆ. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆಯೇ ಊರಿಗೆ ಮರಳಿದ್ದು. ಅದನ್ನು ಅವರು ದೊಡ್ಡದು ಮಾಡಿ ಹೇಳಿದವರಲ್ಲ.

ನನಗೆ ಮೊದಲು ನೆನಪಾಗುವುದು ನಸುಕಿನ ಪೂಜೆ. ಸ್ನಾನ ಮಾಡಿ, ಹಣೆಗೆ ಮೂರೆಳೆ ವಿಭೂತಿ ಧರಿಸಿ, ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈಯ ಅಂಗೈಯಲ್ಲಿ ಇರಿಸಿಕೊಂಡರೆಂದರೆ ಅರ್ಧ ಗಂಟೆ ಮನೆಯಲ್ಲಿ ಯಾರೂ ಎತ್ತರದ ದನಿಯಲ್ಲಿ ಮಾತನಾಡುತ್ತಿರಲಿಲ್ಲ. ಪೂಜೆಯ ಕೊನೆಯಲ್ಲಿ ಅವರು ಮೆಲ್ಲಗೆ ಒಂದಿಷ್ಟು ಹೆಸರು ಹೇಳುತ್ತಿದ್ದರು. ಅವೂ ಮಂತ್ರವೇ ಎಂದು ನಾನು ಬಹಳ ದಿನ ತಿಳಿದಿದ್ದೆ. ನಡುವೆ ನನ್ನ ಹೆಸರು ಕೇಳಿಸಿದ ದಿನ ಗೊತ್ತಾಯಿತು, ಅದು ನಮ್ಮ ಮನೆಯವರ ಪಟ್ಟಿ. ಆಯಿಯಿಂದ, ಅಂದರೆ ಅಜ್ಜಿಯಿಂದ, ಆರಂಭಿಸಿ ಮಕ್ಕಳು, ಸೊಸೆ, ಅಳಿಯಂದಿರು, ಮೊಮ್ಮಕ್ಕಳು, ಹುಟ್ಟಿದ ಮತ್ತು ಮನೆಗೆ ಬಂದ ಕ್ರಮದಲ್ಲಿ. ನಮ್ಮ ತಂದೆಯ ಹೆಸರಿನ ಬೆನ್ನಿಗೇ ನನಗೆ ಗುರುತಿಲ್ಲದ ಒಂದು ಹೆಸರಿತ್ತು. ಅದು 1955ರಲ್ಲಿ ಹುಟ್ಟಿ ಮೂರೇ ತಿಂಗಳು ಬದುಕಿದ್ದ ಮಗಳದು.

ಇನ್ನು ಅವರ ತಪ್ಪು. ನಮ್ಮ ಕಾಕಾ 1989ರಲ್ಲಿ ಸೊಲ್ಲಾಪುರದಲ್ಲಿ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದಾಗ ಮುತ್ಯಾ ಆ ಮದುವೆಗೆ ಹೋಗಲಿಲ್ಲ, ಮಗನನ್ನು ಮನೆಗೆ ಕರೆಯಲಿಲ್ಲ. ಬಸವಣ್ಣನ ಹೆಸರು ಹೇಳಿಕೊಂಡು ಬದುಕುವ ಮನೆಯಲ್ಲಿ ಹೀಗಾಗಬಾರದಿತ್ತು, ಇದನ್ನು ನಾನು ಮುಚ್ಚಿಡಲಾರೆ. ನಾಲ್ಕು ವರ್ಷ ಹಾಗೆಯೇ ಕಳೆಯಿತು. ಆದರೆ ನಸುಕಿನ ಪಟ್ಟಿಯಿಂದ ಕಾಕಾನ ಹೆಸರು ಒಂದು ದಿನವೂ ಬಿದ್ದುಹೋಗಲಿಲ್ಲ, ಮತ್ತು ಆಯಿ ಆ ಸುದ್ದಿಯನ್ನು ಸೊಲ್ಲಾಪುರಕ್ಕೆ ಹೋಗುವವರೊಡನೆ ತಪ್ಪದೆ ಹೇಳಿ ಕಳಿಸುತ್ತಿದ್ದಳು.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಭೂಮಿ ನಡುಗಿತು. ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಮುತ್ತ ಸುಮಾರು 10 ಸಾವಿರ ಜನ ಕಲ್ಲು-ಮಣ್ಣಿನ ಗೋಡೆಗಳಡಿ ಸತ್ತರೆಂಬುದು ನಮಗೆ ತಿಳಿದದ್ದು ಆಮೇಲೆ. ಆ ಗಳಿಗೆಯಲ್ಲಿ ಮಾಳಿಗೆಯ ಮಣ್ಣು ಮೈಮೇಲೆ ಉದುರಿತು, ನಾವೆಲ್ಲ ಅಂಗಳಕ್ಕೆ ಓಡಿದೆವು. ಆಗ ನನಗೆ 13 ವರ್ಷ. ಕತ್ತಲಲ್ಲಿ ಯಾರು ಹೊರಗೆ ಬಂದಿದ್ದಾರೆ, ಯಾರು ಒಳಗುಳಿದಿದ್ದಾರೆ ಎಂದು ತಿಳಿಯದಿದ್ದಾಗ ಮುತ್ಯಾ ಪೂಜೆಯ ಪಟ್ಟಿಯನ್ನೇ ಗಟ್ಟಿಯಾಗಿ ಕೂಗತೊಡಗಿದರು. ಒಬ್ಬೊಬ್ಬರೇ ‘ಅದೀನಿ’ ಎಂದು ಓಗೊಟ್ಟೆವು. ಅತ್ತೆಯರ ಹೆಸರು ಬಂದಾಗ ಆಯಿ ‘ಗಂಡನ ಮನ್ಯಾಗ ಅದಾಳ’ ಎಂದಳು. ಸತ್ತ ಮಗುವಿನ ಹೆಸರನ್ನೂ ರೂಢಿಯಂತೆ ಕರೆದರು, ಯಾರೂ ಮಾತನಾಡಲಿಲ್ಲ. ಕಾಕಾನ ಹೆಸರು ಬಂದಾಗಲೂ ಆಯಿ ಸುಮ್ಮನಿದ್ದಳು. ಮುತ್ಯಾ ಮತ್ತೊಮ್ಮೆ ಕೂಗಿದರು. ಪಟ್ಟಿ ಅಲ್ಲಿಗೆ ನಿಂತಿತು.

ಬೆಳಕು ಹರಿದ ಮೇಲೆ, ಆ ದಿನದ ಪೂಜೆಯನ್ನೂ ಮಾಡದೆ, ಅವರು ಸೊಲ್ಲಾಪುರದ ಕಡೆಗೆ ಹೊರಟರು. ಅಲ್ಲಿ ಮಗ ಸೊಸೆ ಕ್ಷೇಮವಾಗಿದ್ದರು. ಬಾಗಿಲಲ್ಲಿ ನಿಂತು ಅವರು ಕೇಳಿದ್ದು ಸ್ನಾನಕ್ಕೆ ನೀರು. ಸೊಸೆ ಕಾಯಿಸಿ ಕೊಟ್ಟ ನೀರಿನಲ್ಲಿ ಮಿಂದು, ಆ ಮನೆಯ ಒಂದೇ ಕೋಣೆಯಲ್ಲಿ ಚಾಪೆ ಹಾಸಿಸಿಕೊಂಡು ಮಧ್ಯಾಹ್ನದ ಹೊತ್ತಿನಲ್ಲಿ ಪೂಜೆಗೆ ಕುಳಿತರು. ಪಟ್ಟಿಯಲ್ಲಿ ಮಗನ ಹೆಸರಿನ ನಂತರ ಸೊಸೆಯ ಹೆಸರು ಮೊದಲ ಸಲ ಬಂತು. ಕಾಕಿ ಇದನ್ನು ನನಗೆ ಎಷ್ಟೋ ಸಲ ಹೇಳಿದ್ದಾಳೆ: ‘ಮಾಫ್ ಮಾಡು ಅಂತ ಅವರು ಅನಲಿಲ್ಲ, ನಾ ಕೇಳಲೂ ಇಲ್ಲ, ಬಿಸಿ ರೊಟ್ಟಿ ಬಡಿಸಿದೆ, ಎರಡು ಉಂಡ್ರು.’

ಶರಣಬಸವೇಶ್ವರರ ಮೇಲೆ ಅವರಿಗೆ ಬಹಳ ಭಕ್ತಿ. ಹೋಳಿಯ ನಂತರ ಬರುವ ಕಲಬುರಗಿಯ ಅಪ್ಪನ ಜಾತ್ರೆಗೆ ಕಾಲು ಗಟ್ಟಿಯಿರುವವರೆಗೆ ನಡೆದೇ ಹೋಗುತ್ತಿದ್ದರು. ತೇರಿನ ದಿನ ತೋರಿಸುವ ಶರಣರ ಪರುಷ ಬಟ್ಟಲಿನ ದರ್ಶನವಾಗದೆ ಹಿಂದಿರುಗುತ್ತಿರಲಿಲ್ಲ. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಆ ಶರಣರು ಹೊಲ ಕಾಯಲು ಹೋಗಿ ಹಕ್ಕಿಗಳನ್ನು ಓಡಿಸುವ ಬದಲು ತೆನೆ ತಿನ್ನಲು ಬಿಟ್ಟು ಕುಡಿಯಲು ನೀರಿಟ್ಟರೆಂಬ ಕಥೆ ನಮ್ಮ ಭಾಗದ ಎಲ್ಲರಿಗೂ ಗೊತ್ತು. ಮುತ್ಯಾ ಅದನ್ನು ಕಥೆಯೆಂದು ಬಿಡದೆ, ನಮ್ಮ ಬಿಳಿಜೋಳದ ಹೊಲದ ಬಾವಿಯ ಬದಿಯ ನಾಲ್ಕು ಸಾಲನ್ನು ಪ್ರತಿ ವರ್ಷ ಕೊಯ್ಯಿಸದೆ ಬಿಡುತ್ತಿದ್ದರು. ಆ ಕಡೆ ಯಾರೂ ಕವಣೆ ಬೀಸುವಂತಿರಲಿಲ್ಲ. ಮಳೆ ಕೈಕೊಟ್ಟ ವರ್ಷ ತಂದೆಯವರು ವಾದಿಸಿದಾಗ ನಾಲ್ಕು ಸಾಲು ಎರಡಾಯಿತು, ಅಷ್ಟೇ.

ಸಕ್ಕರೆ ಕಾಯಿಲೆಯಿಂದ ಆಯಿಯ ಕಣ್ಣು 2004ರ ಹೊತ್ತಿಗೆ ಪೂರ್ತಿ ಹೋಯಿತು. ಒಬ್ಬರ ಇಷ್ಟಲಿಂಗವನ್ನು ಇನ್ನೊಬ್ಬರು ಮುಟ್ಟುವ ರೂಢಿ ನಮ್ಮ ಮನೆಯಲ್ಲಿಲ್ಲ. ಹಾಗಾಗಿ ಮುತ್ಯಾ ಅವಳ ಬಲಗೈಯ ಮಣಿಕಟ್ಟನ್ನು ಕೆಳಗಿನಿಂದ ಹಿಡಿದು, ವಿಭೂತಿ ಹಿಡಿದ ಅವಳ ಬೆರಳುಗಳನ್ನು ಅವಳ ಎಡ ಅಂಗೈಯ ಮೇಲಿನ ಲಿಂಗದವರೆಗೆ ಒಯ್ದು, ಅಲ್ಲಿ ಬಿಟ್ಟುಬಿಡುತ್ತಿದ್ದರು. ನೀರೆರೆಯುವಾಗ ಹಾಗೆಯೇ, ಬಿಲ್ವದ ಎಲೆ ಇಡುವಾಗಲೂ ಹಾಗೆಯೇ. ಎಂಬತ್ತರ ಸುಮಾರಿನ ಆ ಕೈಯೂ ಆಗ ನಡುಗುತ್ತಿತ್ತು. ಒಮ್ಮೊಮ್ಮೆ ನೀರು ಸೀರೆಯ ಮೇಲೆ ಚೆಲ್ಲಿದರೆ ಸೆರಗಿನಿಂದ ಒರೆಸಿ ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದರು. 2013ರಲ್ಲಿ ಅವಳು ಹೋಗುವವರೆಗೆ, ಒಂಬತ್ತು ವರ್ಷ, ತಮ್ಮ ಪೂಜೆಗೆ ಮೊದಲು ಅವಳ ಪೂಜೆ. ಅವರ ಭಕ್ತಿ ಎಂದರೆ ಇಂದಿಗೂ ನನಗೆ ಕಾಣುವುದು ಆ ಮಣಿಕಟ್ಟು ಹಿಡಿದ ಕೈ.

ಅವರನ್ನು ನಮ್ಮ ಹೊಲದಲ್ಲಿಯೇ, ಬಾವಿಯ ಬದಿಯಲ್ಲಿ, ಆಯಿಯ ಪಕ್ಕಕ್ಕೆ ಕುಳ್ಳಿರಿಸಿ ಮಣ್ಣು ಮಾಡಿದೆವು. ಮರುದಿನ ನಸುಕಿನಲ್ಲಿ ಎಲ್ಲರಿಗೂ ಎಚ್ಚರವಾಗಿತ್ತು, ಯಾರೂ ಏಳಲಿಲ್ಲ. ಆಗ ಅಡುಗೆಮನೆಯಿಂದ ಕಾಕಿಯ ದನಿ ಕೇಳಿಸಿತು. ಒಲೆಯ ಮುಂದೆ ಕುಳಿತು ಅವಳು ಮುತ್ಯಾನ ಪಟ್ಟಿಯನ್ನು ಕ್ರಮ ತಪ್ಪದೆ, ತಂದೆಯವರ ಬೆನ್ನಿಗೆ ಬರುವ ಆ ಮೂರು ತಿಂಗಳ ಮಗುವಿನ ಹೆಸರನ್ನೂ ಬಿಡದೆ, ಹೇಳುತ್ತಿದ್ದಳು. ಕಾಕಾನ ಹೆಸರು ಹೇಳಿ, ತನ್ನ ಹೆಸರು ಬರಬೇಕಾದಲ್ಲಿ ತಡೆದಳು. ಪಡಸಾಲೆಯಲ್ಲಿ ಮಲಗಿದ್ದಲ್ಲಿಂದಲೇ ಕಾಕಾ ಅದನ್ನು ಹೇಳಿದರು.